ಬಳಿ ಕಾಣಿಸದ ಹಾಳೆ

ಉಡುಪಿಯಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸು ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ಮೂರು ಕಂಪ್ಯೂಟರು, ಇಬ್ಬರು ಮನುಷ್ಯರು: ನಾನು ಮತ್ತು ಯಜಮಾನರು. ಮೂರನೆಯ ಕಂಪ್ಯೂಟರು ಕೆಟ್ಟುಹೋಗಿತ್ತು. ಗಿರಾಕಿಗಳು ಬಂದಾಗ ಆಫೀಸು ತುಂಬಿದಂತೆ ಕಾಣಲಿ ಎಂದು ಅದರ ಪರದೆಯನ್ನೂ ದಿನಾ ಒರೆಸಿ ಇಡುತ್ತಿದ್ದೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಊರಿನ ಪ್ರತಿಯೊಂದು ಸಂಘಕ್ಕೂ, ಹೋಟೆಲಿಗೂ, ಶಾಮಿಯಾನದವರಿಗೂ ತಮ್ಮದೊಂದು ವೆಬ್‌ಸೈಟ್ ಬೇಕು ಅನಿಸತೊಡಗಿದ್ದ ಕಾಲ. ಯಜಮಾನರು ಕೆಲಸ ಹಿಡಿದು ತರುತ್ತಿದ್ದರು, ನಾನು ಮಾಡುತ್ತಿದ್ದೆ, ಏನಾದರೂ ಎಡವಟ್ಟಾದರೆ ಇಬ್ಬರೂ ಸೇರಿ ತಪ್ಪನ್ನು ಇಂಟರ್‌ನೆಟ್ಟಿನ ಮೇಲೆ ಹಾಕುತ್ತಿದ್ದೆವು.

ನಾನು ಹುಟ್ಟಿದ್ದು ಇಲ್ಲಲ್ಲ, ಬೆಳೆದದ್ದು ಮಾತ್ರ ಇಲ್ಲೇ. ಅಪ್ಪ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ಮಣಿಪಾಲದಲ್ಲಿ ಎಷ್ಟು ಗೋಡೆಗಳಿಗೆ ಗಿಲಾವು ಬಳಿದಿದ್ದಾನೋ ಅವನಿಗೇ ನೆನಪಿಲ್ಲ. ನಾನು ವೆಬ್ ಡಿಸೈನ್ ಕಲಿತದ್ದೂ ಮಣಿಪಾಲದಲ್ಲೇ, ಸಂಜೆಯ ಕ್ಲಾಸಿನಲ್ಲಿ. ಅಪ್ಪ ಗಿಲಾವು ಮಾಡಿದ ಕಟ್ಟಡದಲ್ಲೇ ಕಲಿತೆ ಎಂದು ಬರೆದರೆ ಓದಲಿಕ್ಕೆ ಚೆನ್ನಾಗಿರುತ್ತದೆ, ಆದರೆ ಅದು ಬೇರೆ ಯಾರೋ ಕಟ್ಟಿದ್ದು. ಅಂಬಲಪಾಡಿಯ ಬಾಡಿಗೆ ಕೋಣೆಯಲ್ಲಿ ಇಷ್ಟು ವರ್ಷ ಇದ್ದರೂ ನನ್ನ ತುಳು ಮಾತ್ರ ಸುಧಾರಿಸಲಿಲ್ಲ. ನಾನು ಎರಡು ವಾಕ್ಯ ತುಳು ಆಡಿದರೆ ಎದುರಿನವರು ಪಾಪ ಅನಿಸಿ ತಾವೇ ಕನ್ನಡಕ್ಕೆ ಬಂದುಬಿಡುತ್ತಿದ್ದರು.

ಕಾಪುವಿನಲ್ಲಿ ಕಡಲ ತೀರದ ಒಂದು ಸಮಾಜದ ಸಂಘವಿತ್ತು. ಮದುವೆ ವಯಸ್ಸಿನ ಹುಡುಗ ಹುಡುಗಿಯರ ವಿವರ ಹಾಕಲು ಅವರಿಗೆ ಒಂದು ವೆಬ್‌ಸೈಟ್ ಬೇಕಾಗಿತ್ತು. ಸಂಘದ ಕಾರ್ಯದರ್ಶಿ ನಿವೃತ್ತ ಶಾಲಾ ಮಾಸ್ಟ್ರು. ಅವರು ತಮ್ಮ ದುಂಡು ಅಕ್ಷರದಲ್ಲಿ ಬರೆದ ಒಂದು ಫಾರ್ಮು ತಂದುಕೊಟ್ಟರು. ಹೆಸರು, ಅದರ ಕೆಳಗೆ ಬಳಿ, ಆಮೇಲೆ ನಕ್ಷತ್ರ, ಓದು, ತಂದೆ, ತಾಯಿ, ಸೋದರಮಾವ, ಹೀಗೆ ಒಂದರ ಹಿಂದೆ ಒಂದು, ತಲೆಬರಹವೇ ಇಲ್ಲದೆ ಮೂವತ್ತು ಪ್ರಶ್ನೆಗಳು. ನನಗೆ ಅದನ್ನು ನೋಡಿ ಕೈ ತುರಿಸಿತು. ಅಚ್ಚುಕಟ್ಟು ಮಾಡುವುದು ನನಗೊಂದು ಚಟ.

ಬಳಿ ಎಂದರೆ ಎಂತ ಎಂದು ಮಾಸ್ಟ್ರನ್ನು ಕೇಳಿದೆ. "ಒಂದೇ ಬಳಿಯವರು ಅಣ್ಣ ತಂಗಿ ಲೆಕ್ಕ. ಅವರೊಳಗೆ ಮದುವೆ ಇಲ್ಲ," ಎಂದರು. ಅಷ್ಟೇ ಸಾಕಾಯಿತು ನನಗೆ. ನಮ್ಮ ಕಡೆ ಇದನ್ನೇ ಬೆಡಗು ಅನ್ನುತ್ತಾರೆ. ಒಂದೇ ಬೆಡಗಿನವರು ಮದುವೆಯಾಗುವಂತಿಲ್ಲ, ಬೆಡಗು ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಹೆಸರು ಬೇರೆ, ವಿಷಯ ಅದೇ ಎಂದುಕೊಂಡು ಮುಂದಿನ ಪ್ರಶ್ನೆಯನ್ನೇ ಕೇಳಲಿಲ್ಲ. 'ತಂದೆಯ ವಿವರ' ಎಂದು ಒಂದು ಚೌಕ ಮಾಡಿ ತಂದೆಯ ಹೆಸರು, ಉದ್ಯೋಗ, ಬಳಿ ಎಂಬ ಮೂರು ಫೀಲ್ಡುಗಳನ್ನು ಅದರೊಳಗೆ ಸಾಲಾಗಿ ಕೂರಿಸಿದೆ.

ನಾವು ಬಳಸುತ್ತಿದ್ದ ಸಿಎಂಎಸ್‌ನಲ್ಲಿ, ಅಂದರೆ ಕೋಡ್ ಬರೆಯದೆ ಪುಟಗಳನ್ನು ಕಟ್ಟುವ ಆ ತಂತ್ರಾಂಶದಲ್ಲಿ, ಒಂದು ಸೌಕರ್ಯವಿತ್ತು. ಯಾವ ಫೀಲ್ಡು ಯಾವಾಗ ಕಾಣಿಸಬೇಕು, ಯಾವಾಗ ಅಡಗಬೇಕು ಎಂದು ನಿಯಮ ಹಾಕಬಹುದಿತ್ತು. ನಾನು ಅದನ್ನು ಆಗಷ್ಟೇ ಕಲಿತಿದ್ದೆ. 'ತಂದೆ ಇದ್ದಾರೆಯೇ?' ಎಂಬ ಪ್ರಶ್ನೆಗೆ 'ಇಲ್ಲ' ಎಂದಿದ್ದರೆ ಆ ಚೌಕ ಇಡೀ ಮಾಯವಾಗುವಂತೆ ನಿಯಮ ಹಾಕಿದೆ. ನನ್ನ ಜೊತೆ ಓದಿದ ಒಬ್ಬಳಿಗೆ ಅಪ್ಪ ಇರಲಿಲ್ಲ. ಅರ್ಜಿಗಳಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಗೆರೆ ಎಳೆಯುವಾಗ ಅವಳ ಮುಖ ಸಣ್ಣದಾಗುತ್ತಿದ್ದುದನ್ನು ನಾನು ನೋಡಿದ್ದೆ. ಅಂಥವರಿಗೆ ಆ ಗೆರೆಯೇ ಇರಬಾರದು ಎಂದು ನನ್ನ ಆಸೆ. ತಾಯಿಯ ಚೌಕಕ್ಕೂ ಅದೇ ನಿಯಮ ಹಾಕಿದೆ. ಯಜಮಾನರಿಗೆ ತೋರಿಸಿ, "ಎಷ್ಟು ಮನುಷ್ಯತ್ವ ಉಂಟು ನೋಡಿ ಸರ್ ನಮ್ಮ ಸೈಟಿನಲ್ಲಿ," ಎಂದು ಜಂಬವನ್ನೂ ಕೊಚ್ಚಿಕೊಂಡೆ.

ಇದಾಗಿ ಒಂದು ವರ್ಷದ ಮೇಲೆ, ಬಿಸಿಲು ಚುರುಗುಟ್ಟುವ ಒಂದು ಮಧ್ಯಾಹ್ನ, ಐವತ್ತರ ಆಚೀಚೆಯ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಬೆಳಗ್ಗಿನ ಮೀನು ಮಾರಿ, ಮಿಂದು, ಒಳ್ಳೆಯ ಸೀರೆ ಉಟ್ಟು ಕಾಪುವಿನಿಂದ ಬಸ್ಸಿನಲ್ಲಿ ಬಂದವರು. ಯಜಮಾನರು ಊಟಕ್ಕೆ ಹೋಗಿದ್ದರು. ನಾನು ಡಬ್ಬಿ ಮುಚ್ಚಿ ಕೈ ತೊಳೆದು ಬಂದೆ. ಆಕೆ ಮಾಸ್ಟ್ರು ಬರೆದ ಚೀಟಿಯನ್ನು ನನ್ನ ಮುಂದಿಟ್ಟರು.

"ಮದುವೆಯ ವಿವರ ಹಾಕುವುದು ನೀವೇ ಅಲ್ವಾ? ನನ್ನ ಮಗಳದ್ದು ತೆಗೆದುಬಿಡಿ."

"ಯಾಕಮ್ಮ? ಸಂಬಂಧ ಕೂಡಿ ಬಂತಾ?"

"ಎಂತ ಕೂಡಿ ಬರುವುದು! ಒಂದು ವರ್ಷ ಆಯಿತು, ಒಬ್ಬರೇ ಒಬ್ಬರು ಕೇಳಿಕೊಂಡು ಬರಲಿಲ್ಲ. ಅವಳ ಜೊತೆಗೆ ಹೆಸರು ಕೊಟ್ಟವರೆಲ್ಲ ಮದುವೆಯಾಗಿ ಹೋದರು. ಈಗ ಅವಳೇ ಹೇಳುತ್ತಾಳೆ, ಅಮ್ಮ ಸಾಕು, ನನ್ನನ್ನು ಅಲ್ಲಿ ತೂಗುಹಾಕಿ ಇಡಬೇಡಿ, ನನಗೆ ಮದುವೆಯೇ ಬೇಡ ಅಂತ." ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಅಪ್ಪ ಇಲ್ಲದ ಹುಡುಗಿ ಅಲ್ವಾ? ಜನರಿಗೆ ಬೇಡ. ನನಗೆ ಗೊತ್ತುಂಟು."

ಮಗಳು ಕಾಪುವಿನಲ್ಲೇ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ನಾನು ಪುಟ ತೆರೆದೆ. ಫೋಟೋದಲ್ಲಿ ಚೆಂದದ ಹುಡುಗಿ, ನಗುವನ್ನು ತಡೆದುಕೊಂಡಂತಿದ್ದ ಮುಖ. ಎಲ್ಲಾ ಸರಿ ಉಂಟೋ ಎಂದು ಒಂದು ಸಲ ಗಟ್ಟಿಯಾಗಿ ಓದಿದೆ: ಹೆಸರು, ನಕ್ಷತ್ರ, ಓದು, ತಂದೆ ಇಲ್ಲ, ತಂದೆಯ ಹೆಸರು, ಉದ್ಯೋಗ, ಬಳಿ. ಆಕೆ ಪ್ರತಿಯೊಂದಕ್ಕೂ ತಲೆಯಾಡಿಸಿದರು. ಎಲ್ಲಾ ಇತ್ತು. ಹಾಗಾದರೆ ಆಕೆ ಹೇಳಿದ್ದೇ ನಿಜವಿರಬೇಕು ಅನಿಸಿ ನನಗೆ ಬೇಸರವಾಯಿತು, ಜನರ ಮೇಲೆ ಸಿಟ್ಟೂ ಬಂತು.

ಹೆಸರು ಹಿಂದೆಗೆದುಕೊಳ್ಳುವವರು ತಮ್ಮ ಹಾಳೆಯನ್ನು ಓದಿ ಅದರ ಮೇಲೆ ಸಹಿ ಹಾಕಬೇಕು ಎಂದು ಮಾಸ್ಟ್ರ ಕಟ್ಟಳೆ. ಶಾಲೆಯಲ್ಲಿ ಟಿ.ಸಿ. ಕೊಟ್ಟು ಅಭ್ಯಾಸ ಅವರಿಗೆ. ಪ್ರಿಂಟರು ಯಜಮಾನರ ಕಂಪ್ಯೂಟರಿಗೆ ಜೋಡಿಸಿದ್ದರಿಂದ ಅಲ್ಲಿಗೆ ಹೋಗಿ ಸೈಟು ತೆರೆದು ಹಾಳೆ ತೆಗೆದುಕೊಟ್ಟೆ. ಆಕೆ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ನಿಧಾನವಾಗಿ ಓದಿದರು. ಹಾಳೆಯ ಕೊನೆಗೆ ಹೋಗಿ ಮತ್ತೆ ಮೇಲೆ ಬಂದರು.

"ನಮ್ಮ ಬಳಿ ಎಲ್ಲಿ?"

"ಉಂಟಲ್ಲ ಅಮ್ಮ, ಈಗ ಓದಿದೆನಲ್ಲ."

"ನೀವು ಓದಿದಿರಿ. ಇದರಲ್ಲಿ ಇಲ್ಲ."

ನಾನು ಹಾಳೆ ಕಸಿದುಕೊಂಡೆ ಎಂದೇ ಹೇಳಬೇಕು. ನಿಜವಾಗಿಯೂ ಇರಲಿಲ್ಲ. ಖಾಲಿ ಜಾಗವೂ ಇರಲಿಲ್ಲ. ಬಳಿ ಎಂಬ ಪದವೇ ಇರಲಿಲ್ಲ. ಪ್ರಿಂಟರು ತಿಂದಿದೆ ಎಂದು ಪ್ರಿಂಟರಿಗೆ ಎರಡು ತಟ್ಟಿ ಇನ್ನೊಂದು ಪ್ರತಿ ತೆಗೆದೆ. ಅದರಲ್ಲೂ ಇಲ್ಲ. ಕನ್ನಡ ಅಕ್ಷರಗಳು ಹಳೆಯ ಕಂಪ್ಯೂಟರುಗಳಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದ ದಿನಗಳವು, ಫಾಂಟಿನ ತೊಂದರೆ ಇರಬಹುದು ಎಂದು ಫಾಂಟ್ ಹಾಕಿದೆ. ಬ್ರೌಸರ್ ಬದಲಿಸಿದೆ. ಪುಟವನ್ನು ಮತ್ತೆ ಸೇವ್ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಬಳಿ ಕಾಣುತ್ತದೆ, ಎರಡು ಹೆಜ್ಜೆ ಆಚೆ ಯಜಮಾನರ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಆಕೆ ನನ್ನನ್ನೇ ನೋಡುತ್ತಾ ಕುಳಿತಿದ್ದರು. ಯಾರಾದರೂ ನೋಡುತ್ತಿದ್ದರೆ ನನಗೆ ಬೇಗ ರೇಗುತ್ತದೆ. ನೀರು ಬೇಕಾ ಅಮ್ಮ ಎಂದು ಕೇಳಿದ ದನಿಯೂ ಬೈದಂತೆಯೇ ಇತ್ತು.

ಊಟ ಮುಗಿಸಿ ಬಂದ ಯಜಮಾನರು ನಿಂತಲ್ಲೇ, "ನಿನ್ನದರಲ್ಲಿ ನೀನು ಅಡ್ಮಿನ್ ಆಗಿ ಲಾಗಿನ್ ಆಗಿದ್ದಿ ಅಲ್ವಾ ಮಾರಾಯ್ತಿ? ಅಡ್ಮಿನ್‌ಗೆ ಎಲ್ಲವೂ ಕಾಣ್ತದೆ," ಎಂದರು. ಆ ಮಾತು ನನಗೆ ಹೊಳೆಯಬೇಕಿತ್ತು. ಲಾಗೌಟ್ ಆಗಿ ನೋಡಿದೆ. ಬಳಿ ನನ್ನ ಪರದೆಯಿಂದಲೂ ಹೋಯಿತು. ಅಂದರೆ ಒಂದು ವರ್ಷದಿಂದ ಅದು ನನಗೊಬ್ಬಳಿಗೆ ಕಾಣುತ್ತಿತ್ತು, ಲೋಕಕ್ಕೆ ಕಾಣುತ್ತಿರಲಿಲ್ಲ.

ಆದರೆ ಬೇರೆ ಹುಡುಗಿಯರ ಪುಟಗಳಲ್ಲಿ ಬಳಿ ಎಲ್ಲರಿಗೂ ಕಾಣುತ್ತಿತ್ತು. ಒಬ್ಬಳ ಪುಟವನ್ನೂ ಈ ಹುಡುಗಿಯ ಪುಟವನ್ನೂ ಎದುರುಬದುರು ಇಟ್ಟು ಸಾಲು ಸಾಲಾಗಿ ಹೋಲಿಸಿದೆ. ಓದು ಒಂದೇ, ಊರು ಹತ್ತಿರ, ನಕ್ಷತ್ರ ಬೇರೆ, ನಕ್ಷತ್ರಕ್ಕೆ ನಾನು ನಿಯಮ ಹಾಕಿಲ್ಲ. ತಂದೆ ಇದ್ದಾರೆಯೇ ಎಂಬಲ್ಲಿ ಅಲ್ಲಿ 'ಇದ್ದಾರೆ', ಇಲ್ಲಿ 'ಇಲ್ಲ'. ಪರೀಕ್ಷೆಗೆಂದು ಇಲ್ಲಿಯೂ 'ಇದ್ದಾರೆ' ಎಂದು ಬದಲಿಸಿ, ಸೇವ್ ಮಾಡಿ, ಯಜಮಾನರ ಪರದೆಯಲ್ಲಿ ಪುಟ ತೆರೆದೆ.

ಬಳಿ ಬಂತು. ಅದರ ಜೊತೆಗೆ ತಂದೆಯ ಹೆಸರು ಬಂತು, ಉದ್ಯೋಗ ಬಂತು. ನಾನು "ಸಿಕ್ಕಿತು!" ಎಂದು ಕೂಗಿದೆ. ಹಿಂದೆ ನೋಡಿದರೆ ಆಕೆ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಂದಿದ್ದರು. 'ತಂದೆ: ಇದ್ದಾರೆ' ಎಂಬ ಸಾಲನ್ನು ಓದುತ್ತಿದ್ದರು.

"ಅವರು ಹೋಗಿ ಆರು ವರ್ಷ ಆಯಿತು ಮಗಾ," ಎಂದರು.

ಪರೀಕ್ಷೆಗೆ ಬದಲಿಸಿದ್ದು, ಈಗಲೇ ತೆಗೆಯುತ್ತೇನೆ ಎಂದು ತೊದಲಿದೆ. ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿ, "ಹಾಗೆಯೇ ಬಿಟ್ಟರೆ ಎಂತ? ಬಳಿ ಕಾಣ್ತದಲ್ಲ," ಎಂದರು. ನಾನು ಅವರ ಕಡೆ ನೋಡಿದ ರೀತಿಗೆ ಅವರು ಚಹಾ ತರಲು ಕೆಳಗಿಳಿದು ಹೋದರು. ನಾನು ಆ ಸಾಲನ್ನು ಮತ್ತೆ 'ಇಲ್ಲ' ಎಂದು ಬದಲಿಸಿದೆ.

ತೊಂದರೆ ಎಲ್ಲಿ ಎಂದು ಈಗ ಗೊತ್ತಿತ್ತು. ನಾನು ದಯೆಯಿಂದ ಹಾಕಿದ ನಿಯಮವೇ ಚೌಕದ ಜೊತೆಗೆ ಬಳಿಯನ್ನೂ ನುಂಗಿತ್ತು. ಹುಡುಕಿ ನೋಡಿದರೆ ತಂದೆ ಇಲ್ಲದ ಹನ್ನೊಂದು ಮಕ್ಕಳ ಪುಟಗಳಲ್ಲೂ ಇದೇ ಕಥೆ. ಬಳಿಯನ್ನು ನಿಯಮದಿಂದ ಹೊರಗೆ ಎಳೆದರೆ ಹನ್ನೊಂದೂ ಒಟ್ಟಿಗೆ ಸರಿಯಾಗುತ್ತವೆ. ಸುಲಭದ ಕೆಲಸ. ಆ ಹುಮ್ಮಸ್ಸಿನಲ್ಲಿ ಆಕೆಗೆ ಹೇಳಿದೆ: "ಅಪ್ಪ ತೀರಿಹೋದರೂ ಅಪ್ಪನ ಬಳಿ ಮಗಳಿಗೆ ಇದ್ದೇ ಇರುತ್ತದಲ್ಲ, ಅದನ್ನು ಬೇರೆ ಕಡೆ ಇಡುತ್ತೇನೆ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಪ್ಪನ ಬಳಿಯಾ? ಅವರ ಬಳಿ ಅವರ ತಂಗಿಯ ಮಕ್ಕಳಿಗೆ. ಇದು ನನ್ನದು. ನನ್ನ ತಾಯಿಯದ್ದು. ನಮ್ಮಲ್ಲಿ ಎಲ್ಲಾ ತಾಯಿಯ ಕಡೆಯಿಂದ ಬರುವುದು. ನೀವು ಯಾವ ಊರಿನವರು?"

ಊರು ಹೇಳಿದೆ. "ಹಾಗೆ ಹೇಳಿ," ಎಂದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗುವಿನ ಎಳೆ ಕಂಡಿತು.

ನನಗೆ ನಗು ಬರಲಿಲ್ಲ. ತಾಯಿಯದ್ದನ್ನು ನಾನು ತಂದೆಯ ಚೌಕದೊಳಗೆ ಇಟ್ಟಿದ್ದೆ. ಅದನ್ನು ನೋಡಿ ಯಾರಾದರೂ ತಂದೆಯ ಬಳಿಯನ್ನು ಬರೆದಿದ್ದರೆ? ಒಂದೇ ಬಳಿಯ ಹುಡುಗ ಹುಡುಗಿಗೆ ನಮ್ಮ ಸೈಟು ನೋಡಿ ಮದುವೆ ಮಾಡಿದ್ದರೆ? ಅಣ್ಣ ತಂಗಿ ಲೆಕ್ಕ ಎಂದು ಮಾಸ್ಟ್ರು ಹೇಳಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು. ಕೂಡಲೇ ಸಂಘಕ್ಕೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಆಕೆಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ.

"ಹೆದರಬೇಡಿ," ಎಂದರು ಮಾಸ್ಟ್ರು. "ಜನ ತುಂಬಿಸಿದ್ದು ನನ್ನ ಕಾಗದದ ಫಾರ್ಮು. ಅದರಲ್ಲಿ ಬಳಿ ಹೆಸರಿನ ಕೆಳಗೆ ಉಂಟು. ನೀವು ಅದನ್ನು ನೋಡಿಯೇ ಟೈಪ್ ಮಾಡಿದ್ದು, ಮರೆತುಹೋಯಿತಾ? ಸೈಟಿನಲ್ಲಿ ತಂದೆಯ ಕೆಳಗೆ ಬಂದದ್ದು ನೋಡಿ ಕೆಲವರು ನಗಾಡಿದರು, ನಾನು ಬಿಟ್ಟೆ. ಮತ್ತೆ ಇಲ್ಲಿ ಸೋದರಮಾವನನ್ನು ಕೇಳದೆ ಯಾರೂ ಮದುವೆ ಮಾಡುವುದಿಲ್ಲ."

ನಾನು ಕೇಳಿದೆ: "ಹಾಗಾದರೆ ಈ ಹನ್ನೊಂದು ಪುಟಗಳಲ್ಲಿ ಬಳಿ ಇಲ್ಲದ್ದನ್ನು ನೀವು ನೋಡಲಿಲ್ಲವಾ ಸರ್?"

"ನೋಡಿದ್ದೆ," ಎಂದರು. "ಕೇಳಲಿಲ್ಲ. ಹೇಗೆ ಕೇಳುವುದು? ಫಾರ್ಮಿನಲ್ಲಿ ಬರೆದವರು ಆಮೇಲೆ ನಿಮಗೆ ಹೇಳಿ ತೆಗೆಸಿದ್ದಾರೆ ಎಂದು ತಿಳಿದೆ. ಬಳಿ ತೆಗೆಸಿದ್ದಾರೆ ಎಂದರೆ ಮನೆಯಲ್ಲಿ ಏನೋ ಹೇಳಲಾಗದ್ದು ಉಂಟು ಎಂದು ಅರ್ಥ. ಒಬ್ಬ ಹೆಂಗಸಿನ ಹತ್ತಿರ, ನಿಮ್ಮ ಬಳಿ ಯಾವುದು ಗೊತ್ತುಂಟಾ ಎಂದು ಕೇಳಿದರೆ ನಿಮ್ಮ ತಾಯಿ ಯಾರು ಎಂದೇ ಕೇಳಿದಂತೆ ಅಲ್ವಾ? ಸೈಟಿನ ಪುಟಗಳನ್ನು ಪ್ರಿಂಟು ತೆಗೆದು ಸಂಘದಲ್ಲಿ ಒಂದು ಫೈಲು ಮಾಡಿ ಇಟ್ಟಿದ್ದೇನೆ, ಭಾನುವಾರ ಹುಡುಗರ ಸೋದರಮಾವಂದಿರು ಬಂದು ಅದನ್ನು ನೋಡುತ್ತಾರೆ. ಮೊದಲು ಬಳಿ ನೋಡುವುದು. ಇಲ್ಲದಿದ್ದರೆ ಮಾತಾಡದೆ ಹಾಳೆ ತಿರುಗಿಸುತ್ತಾರೆ. ಅವರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ."

ಎಲ್ಲರೂ ಮರ್ಯಾದೆಯಿಂದ ಸುಮ್ಮನಿದ್ದರು. ನಾನು ದಯೆಯಿಂದ ಅಡಗಿಸಿದೆ, ಮಾಸ್ಟ್ರು ಮರ್ಯಾದೆಗೆ ಕೇಳಲಿಲ್ಲ, ಬಂದವರು ಸೌಜನ್ಯದಿಂದ ಹಾಳೆ ತಿರುಗಿಸಿದರು. ಒಬ್ಬ ಒರಟ ನಡುವೆ ಬಂದು, ಎಂತ ಇದು, ಬಳಿ ಎಲ್ಲಿ ಎಂದು ಕೇಳಿದ್ದರೆ ವರ್ಷದ ಹಿಂದೆಯೇ ಮುಗಿಯುತ್ತಿತ್ತು.

ಬಳಿಯನ್ನು ತಾಯಿಯ ಚೌಕಕ್ಕೆ ಸರಿಸಲು ಹೊರಟವಳು ಸಮಯಕ್ಕೆ ಸರಿಯಾಗಿ ಕೈ ತಡೆದೆ. ಅಲ್ಲೂ ನನ್ನ ಅದೇ ನಿಯಮ ಕೂತಿತ್ತು. ತಾಯಿ ಇಲ್ಲದವರ ಬಳಿ ಹೋಗುತ್ತಿತ್ತು. ಕೊನೆಗೆ ಮಾಸ್ಟ್ರ ಫಾರ್ಮಿನಂತೆ ಹೆಸರಿನ ಕೆಳಗೇ, ಯಾವ ನಿಯಮವೂ ಇಲ್ಲದೆ ಇಟ್ಟೆ. ಯಜಮಾನರ ಪರದೆಯಲ್ಲಿ ನೋಡಿದರೆ ಇನ್ನೂ ಇಲ್ಲ. ಸರ್ವರು ತಾನು ಇಟ್ಟುಕೊಂಡಿದ್ದ ಹಳೆಯ ಪ್ರತಿಯನ್ನೇ ತೋರಿಸುತ್ತಿದೆ ಎಂದು ಹೊಳೆದು ಅದನ್ನು ಅಳಿಸಿದೆ. ಪುಟ ಮತ್ತೆ ತೆರೆದಾಗ ಹುಡುಗಿಯ ಹೆಸರಿನ ಕೆಳಗೆ ಬಳಿ ಕುಳಿತಿತ್ತು. ಹನ್ನೊಂದನ್ನೂ ಒಂದೊಂದಾಗಿ ತೆರೆದು ನೋಡಿದೆ. ಎಲ್ಲದರಲ್ಲೂ ಇತ್ತು. ಅಷ್ಟು ಹಗುರವಾದ ಮಧ್ಯಾಹ್ನ ಆ ಆಫೀಸಿನಲ್ಲಿ ನನಗೆ ಮತ್ತೆ ಸಿಗಲಿಲ್ಲ.

ಆಕೆ ಹೊಸ ಹಾಳೆಗೂ ಬೆರಳಿಟ್ಟು ಓದಿದರು. "ಬಳಿ ಸರಿ ಉಂಟು. ಅವಳ ಅಪ್ಪನ ಹೆಸರು ಯಾಕೆ ಇಲ್ಲ?"

ಗೆರೆ ಎಳೆಯುವಾಗ ಮಕ್ಕಳಿಗೆ ನೋವಾಗುತ್ತದೆ, ಅದಕ್ಕೆ ಅಡಗಿಸಿದ್ದು ಎಂದು ವಿವರಿಸಿದೆ. ಆಕೆ ಸಹನೆಯಿಂದಲೇ ಕೇಳಿದರು. "ಗೆರೆ ಎಂತಕ್ಕೆ ಎಳೆಯುವುದು? ಹೆಸರು ಬರೆಯುವುದು. ದೋಣಿಯಲ್ಲಿ ದುಡಿಯುತ್ತಿದ್ದರು ಎಂದು ಬರೆಯುವುದು. ಸತ್ತರೆ ಹೆಸರೂ ಹೋಗುತ್ತದಾ?" ಆ ನಿಯಮವನ್ನೇ ಕಿತ್ತುಹಾಕಿ, ತೀರಿಹೋದವರ ಹೆಸರಿನ ಹಿಂದೆ 'ದಿವಂಗತ' ಎಂದು ತಾನಾಗಿ ಬರುವಂತೆ ಮಾಡಿದೆ. ಮೂರನೆಯ ಹಾಳೆಯನ್ನು ಆಕೆ ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟರು. ಹೆಸರು ತೆಗೆಯುವ ಚೀಟಿಯನ್ನು ನಾನೇ ಹರಿದೆ.

ಅಷ್ಟರಲ್ಲಿ ಮಾಸ್ಟ್ರೇ ತಿರುಗಿ ಫೋನ್ ಮಾಡಿದರು. ಕಾರ್ಕಳದ ಒಬ್ಬರು ತಮ್ಮ ಸೋದರಳಿಯನಿಗಾಗಿ ಎರಡು ತಿಂಗಳ ಹಿಂದೆ ಫೈಲು ನೋಡಿದ್ದರಂತೆ. ಈ ಹುಡುಗಿಯ ಹಾಳೆಯ ಮೇಲೆ ತುಂಬಾ ಹೊತ್ತು ಕೈಯಿಟ್ಟು, ಆಮೇಲೆ ತಿರುಗಿಸಿದ್ದು ಮಾಸ್ಟ್ರಿಗೆ ನೆನಪಿತ್ತು. ಈಗ ಅವರಿಗೆ ಫೋನ್ ಮಾಡಿ ಬಳಿ ಹೇಳಿದ್ದರು. "ನಮ್ಮ ಬಳಿ ಅಲ್ಲ, ಬೇರೆ, ಮದುವೆ ಆಗ್ತದೆ, ಅಂತ ಹೇಳಿ ಆ ಮನುಷ್ಯ ನಕ್ಕೇಬಿಟ್ಟ. ತಂದೆ ಇಲ್ಲದ್ದು ಅಡ್ಡಿಯಾಗಿತ್ತಾ ಎಂದು ಕೇಳಿದೆ. ಅದು ನಮಗೆ ಮೊದಲೇ ಗೊತ್ತಿತ್ತು, ಅದಕ್ಕೆ ಎಂತ, ಎಂದ. ಭಾನುವಾರ ಬರುತ್ತಾರೆ."

ಆ ಮದುವೆ ಆಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವ ಚಪಲ ನನಗಿಲ್ಲ. ಕಾರ್ಕಳದಲ್ಲಿ ಆಯಿತು, ನಾನೂ ಯಜಮಾನರೂ ಹೋಗಿ ಉಂಡು ಬಂದೆವು. ಹನ್ನೊಂದರಲ್ಲಿ ಉಳಿದವರದ್ದೂ ಒಂದೊಂದಾಗಿ ಕೂಡಿ ಬರತೊಡಗಿತು ಎಂದು ಮಾಸ್ಟ್ರು ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದರು.

ಅಂದು ಆಕೆಯನ್ನು ಬಸ್ಸಿಗೆ ಹತ್ತಿಸಲು ನಾನು ಸರ್ವಿಸ್ ಬಸ್ ನಿಲ್ದಾಣದವರೆಗೆ ಹೋದೆ. ಹೋಗದಿದ್ದರೆ ನನಗೆ ಸಮಾಧಾನವಿರಲಿಲ್ಲ. ತಪ್ಪು ನನ್ನದು ಅಮ್ಮ ಎಂದು ದಾರಿಯಲ್ಲಿ ಮೂರು ಸಲ ಹೇಳಿದೆ. ಮೂರನೆಯ ಸಲ ಅವರು, "ಆಯಿತು ಮಾರಾಯ್ತಿ, ನೀನು ಒಂದು ಫೀಲ್ಡೋ ಎಂತದೋ ಅಡಗಿಸಿದ್ದು. ನಾನು ಮಾಡಿದ್ದು ಕೇಳು," ಎಂದರು. ಅಷ್ಟರಲ್ಲಿ ಕಟಪಾಡಿ, ಕಾಪು, ಉಚ್ಚಿಲ ಎಂದು ಕಂಡಕ್ಟರು ಕೂಗತೊಡಗಿದ್ದ.

"ಒಂದು ವರ್ಷದಿಂದ ದಿನಾ ದೀಪ ಹಚ್ಚುವಾಗ ಅವರ ಫೋಟೋದ ಎದುರು ನಿಂತು ಬೈದಿದ್ದೇನೆ. ನೀವು ಹೋಗಿದ್ದಕ್ಕೆ ನನ್ನ ಮಗಳು ಹೀಗೆ ಕೂರುವಂತಾಯಿತು ಅಂತ. ಬಾಯಿಗೆ ಬಂದದ್ದೆಲ್ಲ ಹೇಳಿದ್ದೇನೆ. ಪಾಪ, ಅವರು ಎಂತ ಮಾಡಿದ್ದಾರೆ? ಏನೂ ಮಾಡಲಿಲ್ಲ."

ಆಕೆಯ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದರು. ನನಗೂ ಅಳು ಬಂತು. ಬಸ್ಸು ಹೊರಡುತ್ತಿದ್ದಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು. ಸೀಟು ಖಾಲಿ ಇಲ್ಲ, ಹಿಂದೆ ಇನ್ನೊಂದು ಬಸ್ಸು ಉಂಟು ಎಂದು ಕಂಡಕ್ಟರು ಹೇಳಿದ.

"ನಿಂತೇ ಹೋಗ್ತೇನೆ," ಎಂದರು. "ದೀಪದ ಹೊತ್ತಿಗೆ ಮನೆಗೆ ಮುಟ್ಟಬೇಕು. ಅವರಿಗೆ ಒಂದು ಮಾತು ಹೇಳಲಿಕ್ಕುಂಟು."